ದೊಡ್ಡಮ್ಮನ ಕಾರಿನ ಕೆಂಪು ದೀಪ

ಹಾಡಹಗಲಿನಲ್ಲಿ ಕೆಂಪು ದೀಪ ಹೊತ್ತಿಸಿಕೊಂಡು ಮುಂಬಯಿಯ ಹೈವೇಯಲ್ಲಿ ಕಾರು ಓಡಿಸುವ ಗತ್ತು ನಾನು ಕಂಡಂತೆ ಇಬ್ಬರಿಗೆ ಮಾತ್ರ ಇತ್ತು. ಒಂದು ಮಂತ್ರಿಗಳಿಗೆ, ಇನ್ನೊಂದು ನಮ್ಮ ದೊಡ್ಡಮ್ಮನಿಗೆ. ಮಂತ್ರಿಗಳ ದೀಪವನ್ನು ಸರ್ಕಾರ ಒಂದೇ ಮಾತಿಗೆ ತೆಗೆಸಿಹಾಕಿತು. ದೊಡ್ಡಮ್ಮನ ದೀಪವನ್ನು ಆರಿಸುವುದಕ್ಕೆ ಎರಡು ಗ್ಯಾರೇಜಿನವರು, ಹೆತ್ತ ಮಗ, ಮತ್ತು ವಡಾಲದಿಂದ ಟ್ರೇನು ಬದಲಿಸಿ ಬದಲಿಸಿ ಹೋಗುತ್ತಿದ್ದ ನಾನು, ಇಷ್ಟೂ ಜನ ಹೆಣಗಬೇಕಾಯಿತು! ವ್ಯತ್ಯಾಸ ಇಷ್ಟೇ. ಅವರದ್ದು ಕಾರಿನ ನೆತ್ತಿಯ ಮೇಲೆ ಇರುತ್ತಿತ್ತು, ಇವರದ್ದು ಹಿಂಬದಿಯಲ್ಲಿ. ಬ್ರೇಕು ಒತ್ತಿದಾಗ ಹೊತ್ತಿ, ಕಾಲು ತೆಗೆದಾಗ ಆರಬೇಕಾದ ದೀಪ ಅದು. ಹೊತ್ತುವ ಅರ್ಧವನ್ನು ಅದು ಚೆನ್ನಾಗಿಯೇ ಮಾಡುತ್ತಿತ್ತು. ಆರುವ ಅರ್ಧದಲ್ಲಿ ತಕರಾರು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ದಹಿಸರ್‌ನಲ್ಲಿ ಒಬ್ಬರೇ ಇರುತ್ತಾರೆ. ಹಾಗೆ ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ. "ಒಬ್ಬಳೇ ಯಾವಾಗ ಇರುದು ನಾನು? ಬೆಳಿಗ್ಗೆ ಎದ್ದರೆ ಬಿಲ್ಡಿಂಗಿನವರೆಲ್ಲಾ ನನ್ನ ಅಡುಗೆಮನೆಯಲ್ಲೇ ಇರುದಲ್ವಾ?" ಎನ್ನುತ್ತಾರೆ. ಅದೂ ನಿಜವೇ. ದೊಡ್ಡಪ್ಪ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಅವರು ತೀರಿಕೊಂಡಾಗ ಕ್ಯಾಂಟೀನಿನ ಜೊತೆಗೆ ಒಂದು ಬಿಳಿಯ ಪುಟ್ಟ ಕಾರೂ ದೊಡ್ಡಮ್ಮನ ಪಾಲಿಗೆ ಬಂತು. ಕ್ಯಾಂಟೀನನ್ನು ಮರುದಿನವೇ ಹಿಡಿದರು. ಕಾರನ್ನು ಹಿಡಿಯಲು ಸ್ವಲ್ಪ ಸಮಯ ಹಿಡಿಯಿತು, ಏಕೆಂದರೆ ಆಗ ಅವರಿಗೆ ಐವತ್ತು ದಾಟಿತ್ತು, ಸೈಕಲ್ಲನ್ನೂ ತುಳಿದವರಲ್ಲ.

ಡ್ರೈವಿಂಗ್ ಕಲಿಸಲು ಬಂದವನು ಮೊದಲ ದಿನ, "ಮೌಸೀ, ಕ್ಲಚ್ ಧೀರೇ ಧೀರೇ ಛೋಡೋ" ಎಂದನಂತೆ. "ಧೀರೇ ಧೀರೇ ಕರೇಗಾ ತೋ ದೋಸಾ ಜಲ್ ಜಾಯೇಗಾ" ಎಂದು, ನಿಧಾನ ಮಾಡಿದರೆ ದೋಸೆ ಸೀದುಹೋಗುತ್ತದೆ ಎಂಬ ಕ್ಯಾಂಟೀನಿನ ಲೆಕ್ಕದಲ್ಲಿ, ದೊಡ್ಡಮ್ಮ ಒಂದೇ ಏಟಿಗೆ ಬಿಟ್ಟರು. ಕಾರು ಜಿಗಿದು ನಿಂತಿತು. ಕಲಿಸುವವನು ಬಾಗಿಲು ತೆಗೆದು ಇಳಿದು, ರಸ್ತೆ ಬದಿಯ ಅಂಗಡಿಯಲ್ಲಿ ನೀರು ಕುಡಿದು, ಸುಮಾರು ಹೊತ್ತು ಯೋಚನೆ ಮಾಡಿ ಮತ್ತೆ ಹತ್ತಿದನಂತೆ! ಆಮೇಲೆ ಲೈಸೆನ್ಸೂ ಬಂತು, ಕಾರೂ ಓಡಿತು, ಇವತ್ತಿನವರೆಗೆ ಯಾರಿಗೂ ಒಂದು ಗೀರು ಬಿದ್ದದ್ದಿಲ್ಲ.

ಈಗ ಕ್ಯಾಂಟೀನು ಬೇರೆಯವರ ಕೈಗೆ ಹೋಗಿದೆ. ಕಾರು ಮಾತ್ರ ಉಳಿದಿದೆ. ಅದರಲ್ಲಿ ಕೂರುವವರು ದೊಡ್ಡಮ್ಮನ ಭಜನಾ ಮಂಡಳಿಯ ಹೆಂಗಸರು. ಎಲ್ಲರಿಗೂ ಮೊಣಕಾಲು ನೋವು. ಸ್ಟೇಷನ್ನಿನ ಬ್ರಿಡ್ಜು ಹತ್ತುವ ಹಾಗಿಲ್ಲ. ಕಣ್ಣಿನ ಡಾಕ್ಟರು, ಹಲ್ಲಿನ ಡಾಕ್ಟರು, ಯಾರದೋ ಮೊಮ್ಮಗಳ ಸೀಮಂತ, ಬೊರಿವಲಿಯಲ್ಲಿ ಭಜನೆ, ಎಲ್ಲದಕ್ಕೂ ಈ ಕಾರೇ. ನಾಲ್ಕು ಜನ ಕೂರುವ ಜಾಗದಲ್ಲಿ ಐದು ಜನ, ಒಂದು ಹಾರ್ಮೋನಿಯಮ್ಮು. ಪೊಲೀಸರು ಹಿಡಿದರೆ ದೊಡ್ಡಮ್ಮ ಗಾಜು ಇಳಿಸಿ ಪಂಚಕಜ್ಜಾಯ ಕೊಡುತ್ತಾರೆ. ಪ್ರಸಾದ ಬೇಡ ಎನ್ನುವ ಪೊಲೀಸನನ್ನು ದೇವರು ಇನ್ನೂ ಹುಟ್ಟಿಸಿಲ್ಲ.

ದೊಡ್ಡಮ್ಮನ ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. ಅವರಿಗೆ ತೆಂಗಿನೆಣ್ಣೆಯ ಮೇಲೆ ದೇವರಿಗಿಂತ ಒಂದು ತೂಕ ಹೆಚ್ಚು ನಂಬಿಕೆ. ತಲೆನೋವಿಗೆ ತೆಂಗಿನೆಣ್ಣೆ, ಮೊಣಕಾಲಿಗೆ ತೆಂಗಿನೆಣ್ಣೆ ಎಂದರೆ ನಮ್ಮ ಕಡೆಯವರಲ್ಲಿ ವಿಶೇಷವೇನಲ್ಲ. ಇವರದ್ದು ಅಲ್ಲಿಗೆ ನಿಲ್ಲುವುದಿಲ್ಲ. ಬಾಗಿಲು ಕಿರುಗುಟ್ಟಿದರೆ ತೆಂಗಿನೆಣ್ಣೆ, ಹೊಲಿಗೆ ಮೆಶಿನ್ನಿಗೆ ತೆಂಗಿನೆಣ್ಣೆ, ಬೀಗ ತಿರುಗದಿದ್ದರೆ ತೆಂಗಿನೆಣ್ಣೆ. ಒಮ್ಮೆ ಟಿ.ವಿ.ಯ ರಿಮೋಟಿನ ಗುಂಡಿ ಗಟ್ಟಿಯಾಗಿದೆ ಎಂದು ಅದಕ್ಕೂ ಹಾಕಿದ್ದರು. ಅಂದಿನಿಂದ ಆ ಟಿ.ವಿ.ಯಲ್ಲಿ ಒಂದೇ ಚಾನೆಲ್ಲು. "ಒಳ್ಳೆಯ ಚಾನೆಲ್ಲಲ್ಲೇ ನಿಂತಿದೆ, ಬಿಡು" ಎಂದರು.

ಹಾಗಿರುವಾಗ ಒಂದು ದಿನ ದೊಡ್ಡಮ್ಮ ಫೋನು ಮಾಡಿ, "ಈ ಊರಿನವರಿಗೆ ಈಗ ಮರ್ಯಾದೆ ಬಂದಿದೆ ಮಾರಾಯ" ಎಂದರು. "ಹೈವೇಯಲ್ಲಿ ನನ್ನ ಹಿಂದೆ ಯಾರೂ ಅಂಟಿಕೊಂಡು ಬರುದಿಲ್ಲ. ಎರಡು ಗಾಡಿಯ ಜಾಗ ಬಿಟ್ಟೇ ಬರುದು. ಪ್ರಾಯ ಆದವರು ಅಂತ ಗೊತ್ತಾಗ್ತದೆ ಕಾಣ್ತದೆ."

ಮುಂಬಯಿಯಲ್ಲಿ ಎರಡು ಗಾಡಿಯ ಜಾಗ! ಸ್ಮಶಾನಕ್ಕೆ ಹೋಗುವ ಗಾಡಿಗೂ ಇಲ್ಲಿ ಯಾರೂ ಅಷ್ಟು ಜಾಗ ಬಿಡುವುದಿಲ್ಲ. ನನಗೆ ಆಗಲೇ ಸಂಶಯ ಬಂತು. ಅದನ್ನು ಬಗೆಹರಿಸಿದವನು ಒಬ್ಬ ರಿಕ್ಷಾದವನು. ಬೊರಿವಲಿಯ ಸಿಗ್ನಲಿನಲ್ಲಿ ಅವನು ಪಕ್ಕಕ್ಕೆ ಬಂದು, "ಮೌಸೀ, ಬ್ರೇಕ್ ಪರ್ ಸೇ ಪೈರ್ ಹಟಾವೋ! ಪೂರಾ ರಾಸ್ತಾ ಲೈಟ್ ಚಾಲೂ ಹೈ!" ಎಂದು ಕೂಗಿದ. ಬ್ರೇಕಿನಿಂದ ಕಾಲು ತೆಗೀರಿ, ದಾರಿಯುದ್ದಕ್ಕೂ ದೀಪ ಉರಿಯುತ್ತಿದೆ ಎಂದು. ದೊಡ್ಡಮ್ಮನಿಗೆ ಅವಮಾನವಾಯಿತು. ತನ್ನ ಕಾಲು ಎಲ್ಲಿದೆ ಎಂದು ತನಗೆ ಗೊತ್ತಿಲ್ಲವೇ? ಹ್ಯಾಂಡ್‌ಬ್ರೇಕ್ ಎಳೆದರು, ಗೇರು ತೆಗೆದರು, ಸೀರೆಯನ್ನು ಒಪ್ಪವಾಗಿ ಹಿಡಿದುಕೊಂಡು ಎರಡೂ ಕಾಲನ್ನು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. "ಯೇ ದೇಖೋ ಪೈರ್!" ಅಷ್ಟರಲ್ಲಿ ಸಿಗ್ನಲು ಹಸಿರಾಯಿತು. ಹಿಂದಿನವರೆಲ್ಲಾ ಹಾರ್ನು ಹೊಡೆದರು. ದೀಪ ಆಗಲೂ ಉರಿಯುತ್ತಿತ್ತೋ ಇಲ್ಲವೋ? ಯಾರು ನೋಡಿದರು! ಎಲ್ಲರ ಕಣ್ಣೂ ಕಾಲಿನ ಮೇಲೆಯೇ.

ಆ ಸಿಗ್ನಲಿನಲ್ಲಿ ನಿಂತಿದ್ದವರಲ್ಲಿ ನಮ್ಮ ಊರಿನವರೊಬ್ಬರು ಇದ್ದರು. ಸಂಜೆಯೊಳಗೆ ಸುದ್ದಿ ಕಾಂದಿವಲಿಗೆ ತಲುಪಿತು. ಅಲ್ಲಿ ದೊಡ್ಡಮ್ಮನ ಮಗ ಇದ್ದಾನೆ. ನನಗಿಂತ ಚಿಕ್ಕವನು, ಒಳ್ಳೆಯವನು, ತಾಯಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಗಾಬರಿ. ಸುದ್ದಿ ಅವನ ಕಿವಿಗೆ ಬಿದ್ದದ್ದು, "ನಿಮ್ಮ ತಾಯಿ ಎರಡೂ ಕಾಲು ಮೇಲಿಟ್ಟುಕೊಂಡು ಹೈವೇಯಲ್ಲಿ ಕಾರು ಓಡಿಸುತ್ತಿದ್ದಾರೆ" ಎಂಬ ರೂಪದಲ್ಲಿ.

ಮರುದಿನವೇ ಕಾರು ಗ್ಯಾರೇಜಿಗೆ ಹೋಯಿತು. ಗ್ಯಾರೇಜಿನಲ್ಲಿ ದೀಪ ಎಷ್ಟು ಒಳ್ಳೆಯದೆಂದರೆ, ಒತ್ತಿದರೆ ಹೊತ್ತುತ್ತದೆ, ಬಿಟ್ಟರೆ ಆರುತ್ತದೆ! ಡಾಕ್ಟರ ಮುಂದೆ ಕೂತ ಕೂಡಲೇ ಇಳಿದುಹೋಗುವ ಜ್ವರದ ಹಾಗೆ. ಆದರೂ ಬರಿಗೈಯಲ್ಲಿ ಕಳಿಸಬಾರದು ಎಂದು ಗ್ಯಾರೇಜಿನವನು ಬಲ್ಬು ಬದಲಿಸಿದ, ಪೆಡಲಿನ ಮೇಲಿರುವ ಸ್ವಿಚ್ಚನ್ನೂ ಹೊಸದು ಹಾಕಿದ. ದೊಡ್ಡಮ್ಮ ಹೈವೇಗೆ ಇಳಿದರು. ದೀಪ ಮತ್ತೆ ಉರಿಯಿತು, ಹೊಸ ಬಲ್ಬಾದ್ದರಿಂದ ಮೊದಲಿಗಿಂತ ಚೆನ್ನಾಗಿ.

ಎರಡನೆಯ ಗ್ಯಾರೇಜಿನವನು ವೈರುಗಳನ್ನೆಲ್ಲಾ ಹೊರಗೆಳೆದು ನೋಡಿ, ಒಳಗೆ ತುರುಕಿ, ಕೊನೆಗೆ ಕಣ್ಣು ತಗ್ಗಿಸಿ ಹೇಳಿದ: "ಗಾಡೀ ಮೇ ಕುಛ್ ನಹೀ ಹೈ, ಮೌಸೀ. ಉಮರ್ ಹೋ ಗಯೀ ನಾ, ಪೈರ್ ಥೋಡಾ ರಹ್ ಜಾತಾ ಹೋಗಾ." ವಯಸ್ಸಾಯಿತಲ್ಲ, ಕಾಲು ಗೊತ್ತಿಲ್ಲದೆ ಅಲ್ಲೇ ಉಳಿಯುತ್ತಿರಬೇಕು ಎಂದು. ದೊಡ್ಡಮ್ಮ ಅವನಿಗೆ ಒಂದು ಮಾತೂ ಹೇಳದೆ ಮನೆಗೆ ಬಂದರು. ಅವರು ಮಾತಾಡದೆ ಬಂದರು ಎಂದಾಗಲೇ ನಾವು ಹೆದರಬೇಕಿತ್ತು.

ಮಗನ ಲೆಕ್ಕ ಸರಳವಾಗಿತ್ತು. ಕಾರು ನಿಂತಿದ್ದಾಗ ದೀಪ ಸರಿ ಇದೆ. ಅಮ್ಮ ಓಡಿಸುವಾಗ ಮಾತ್ರ ಉರಿಯುತ್ತದೆ. ಹಾಗಾದರೆ ತಪ್ಪು ಯಾರದ್ದು? ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಅಂಥವರಿಗೆ ಕ್ರಮೇಣ ಪಾದದ ಸ್ಪರ್ಶ ಕಡಿಮೆಯಾಗುವುದುಂಟು ಎಂದು ಡಾಕ್ಟರು ಯಾವಾಗಲೋ ಹೇಳಿದ್ದನ್ನು ಅವನು ಮರೆತಿರಲಿಲ್ಲ. ನಾನೂ ಇದ್ದ ಒಂದು ಸಂಜೆ ಬಂದು, ನಿಂತಲ್ಲೇ ಹೇಳಿದ:

"ಅಮ್ಮಾ, ಬಸ್ ಹೋ ಗಯಾ. ಕಾಲು ಬ್ರೇಕ್ ಮೇಲೆ ಇದೆ, ನಿಂಗೆ ಪತಾ ಆಗ್ತಾ ಇಲ್ಲ. ಕಲ್ ಯಾರಿಗಾದ್ರೂ ತಾಗಿದ್ರೆ? ಸಂಡೇ ಬರ್ತೇನೆ, ಕೀ ಕೊಡು. ಗಾಡಿ ಸೇಲ್ ಮಾಡುವಾ. ನಿಂಗೆ ಎಲ್ಲಿ ಹೋಗೋದಿದ್ರೂ ನಾನು ಟ್ಯಾಕ್ಸಿ ಬುಕ್ ಮಾಡಿ ಕೊಡ್ತೇನೆ."

"ಟ್ಯಾಕ್ಸಿಯಲ್ಲಿ ಹಾರ್ಮೋನಿಯಮ್ ಇಡ್ಲಿಕ್ಕೆ ಬಿಡ್ತಾರಾ?"

"ಅಮ್ಮಾ, ಸೀರಿಯಸ್ ಆಗಿ ಹೇಳ್ತಾ ಇದ್ದೇನೆ."

"ನಾನು ಸಹ ಸೀರಿಯಸ್ಸೇ. ತಪ್ಪು ಕಾರಿದ್ದಾದ್ರೆ ಕಾರನ್ನು ಸರಿ ಮಾಡ್ಸುದು. ನನ್ನ ಕಾಲಿದ್ದಾದ್ರೆ ಸಂಡೇ ನಾನೇ ಕೀ ಕೊಡ್ತೇನೆ. ನೀನು ಕೇಳುವ ಅಗತ್ಯ ಇಲ್ಲ."

ಹೀಗೆ ಕೇಸು ದಾಖಲಾಯಿತು. ಆರೋಪಿ ದೊಡ್ಡಮ್ಮನ ಬಲಗಾಲು. ತೀರ್ಪು ಭಾನುವಾರ.

ತನಿಖೆಯನ್ನು ದೊಡ್ಡಮ್ಮನೇ ಶುರು ಮಾಡಿದರು. ಬ್ರೇಕ್ ಪೆಡಲಿನ ಮೇಲೆ ರಂಗೋಲಿ ಪುಡಿ ಉದುರಿಸಿ, ಚಪ್ಪಲಿಯ ಅಡಿಯನ್ನು ತೊಳೆದು ಒರೆಸಿ, ಬಿಲ್ಡಿಂಗಿನ ಹಿಂದಿನ ಖಾಲಿ ರಸ್ತೆಯಲ್ಲಿ ಒಂದೂ ಬ್ರೇಕು ಒತ್ತದೆ ಮೆಲ್ಲಗೆ ಆ ತುದಿಯವರೆಗೆ ಹೋದರು. ಅಲ್ಲಿ ಹ್ಯಾಂಡ್‌ಬ್ರೇಕಿನಲ್ಲೇ ನಿಲ್ಲಿಸಿ ನೋಡಿದರೆ ಬಲ ಚಪ್ಪಲಿ ಬೆಳ್ಳಗಾಗಿದೆ! ಎಡ ಚಪ್ಪಲಿಯೂ ಬೆಳ್ಳಗಾಗಿದೆ. ಸೀರೆಯ ಅಂಚು, ಮ್ಯಾಟು, ಹಾರ್ಮೋನಿಯಮ್ಮು ಎಲ್ಲವೂ ಬೆಳ್ಳಗಾಗಿವೆ. ಕಾರಿನ ಫ್ಯಾನು ಜೋರಾಗಿ ತಿರುಗುತ್ತಿತ್ತು. ಮರುದಿನ ಭಜನೆಗೆ ಹೊರಟ ಹೆಂಗಸರೆಲ್ಲಾ ಸೀನುತ್ತಾ ಇಳಿದರಂತೆ.

ಆಮೇಲೆ ನನ್ನನ್ನು ಕರೆಸಿದರು. ನಾನು ಒಂದು ರಿಕ್ಷಾ ಹಿಡಿದು ಅವರ ಕಾರಿನ ಹಿಂದೆ ಹೋಗಿ ಕಣ್ಣಾರೆ ನೋಡಬೇಕು ಎಂದಾಯಿತು. "ಉಸ್ ಸಫೇದ್ ಗಾಡೀ ಕೇ ಪೀಛೇ" ಎಂದು ಆ ಬಿಳಿ ಕಾರನ್ನು ತೋರಿಸಿದಾಗ ರಿಕ್ಷಾದವನ ಕಣ್ಣು ಅರಳಿತು. "ಕೌನ್ ಹೈ ಸಾಬ್, ಬೀವೀ?" ಎಂದು ಕೇಳಿದ, ನಾನು ಹೆಂಡತಿಯ ಬೆನ್ನು ಹತ್ತಿದ್ದೇನೆ ಎಂದುಕೊಂಡು. ದೊಡ್ಡಮ್ಮ ಎಂದು ಹೇಳಿದ ಮೇಲೆ ಅವನಿಗೆ ಕೆಲಸದಲ್ಲಿ ಉತ್ಸಾಹವೇ ಹೊರಟುಹೋಯಿತು. ನಾನು ಮಾತ್ರ ಕಣ್ಣು ಮಿಟುಕಿಸದೆ ನೋಡಿದೆ. ಗೇಟು ದಾಟುವವರೆಗೆ ದೀಪ ಸರಿಯಾಗಿತ್ತು. ದೊಡ್ಡ ರಸ್ತೆಯ ಹೊಂಡಗಳು ಶುರುವಾಗುತ್ತಲೇ ಹೊತ್ತಿಕೊಂಡಿತು. ಮತ್ತೆ ಹೆಚ್ಚುಕಡಿಮೆ ಉದ್ದಕ್ಕೂ ಉರಿಯಿತು. "ಬ್ರೇಕ್ ದಬಾಕೇ ಚಲಾತೀ ಹೈ" ಎಂದು ರಿಕ್ಷಾದವನು ತೀರ್ಪು ಕೊಟ್ಟ. ನನಗೂ ಅವರು ಬ್ರೇಕು ಒತ್ತಿಕೊಂಡೇ ಓಡಿಸುವ ಹಾಗೆ ಕಂಡಿತು.

"ಎಂತ ನೋಡಿದ್ದು?" ಎಂದು ಮನೆಗೆ ಬಂದ ಮೇಲೆ ದೊಡ್ಡಮ್ಮ ಕೇಳಿದರು.

"ಉರಿಯುತ್ತಲೇ ಇತ್ತು, ದೊಡ್ಡಮ್ಮ."

"ನಾನು ಒತ್ತಿರ್ಲಿಲ್ಲ."

"ಗೊತ್ತಿಲ್ಲದೆ ಒತ್ತಿರಬಹುದೇನೋ."

"ಹಾಂ" ಎಂದರು. ಒಳಗೆ ಹೋಗಿ ನನಗೆ ಚಹಾ ಮಾಡಿ ತಂದರು. ಅದಕ್ಕೆ ಸಕ್ಕರೆ ಹಾಕಲು ಮರೆತಿದ್ದರು. ಕ್ಯಾಂಟೀನು ನಡೆಸಿದ ಕೈ ಸಕ್ಕರೆ ಮರೆತದ್ದನ್ನು ನಾನು ಕಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಮೊದಲೇ ಹೋದೆ. ತಾಯಿ ಮಗನ ಜಗಳದ ನಡುವೆ ಒಬ್ಬ ಇರಲಿ ಎಂದು. ದೊಡ್ಡಮ್ಮ ಕಂಪೌಂಡಿನಲ್ಲಿ ಕಾರು ತೊಳೆಸಿ, ಕೊನೆಯ ಸಲ ಎನ್ನುವ ಹಾಗೆ ಬಿಲ್ಡಿಂಗಿಗೆ ಒಂದು ಸುತ್ತು ಹೊಡೆದು ತಂದು ಆಗಷ್ಟೇ ನಿಲ್ಲಿಸಿದ್ದರು. ನಾನು ಹಿಂದಿನಿಂದ ಬಂದೆ. ಎಂಜಿನು ಚಾಲೂ ಇತ್ತು. ಎರಡೂ ಕೆಂಪು ದೀಪಗಳು ಧಗಧಗ ಉರಿಯುತ್ತಿದ್ದವು. ನನಗೆ ಬೇಸರವಾಯಿತು. ಕಾರು ನಿಂತ ಮೇಲೂ ಕಾಲು ತೆಗೆಯುವುದು ಗೊತ್ತಾಗುತ್ತಿಲ್ಲವಲ್ಲ!

"ದೊಡ್ಡಮ್ಮ, ಬ್ರೇಕಿನಿಂದ ಕಾಲು ತೆಗೀರಿ" ಎಂದು ಕೂಗಿದೆ.

"ಯಾವ ಕಾಲು ಮಾರಾಯ?"

ಧ್ವನಿ ಬಂದದ್ದು ನನ್ನ ಬೆನ್ನ ಹಿಂದಿನಿಂದ. ತಿರುಗಿದರೆ ದೊಡ್ಡಮ್ಮ ನಲ್ಲಿಯ ಹತ್ತಿರ ಬಕೆಟ್ಟು ಹಿಡಿದು ನಿಂತಿದ್ದಾರೆ. ಎರಡೂ ಕಾಲು ಅವರ ಬಳಿಯೇ ಇವೆ! ಕಾರಿನೊಳಗೆ ಯಾರೂ ಇಲ್ಲ. ದೀಪ ಉರಿಯುತ್ತಿದೆ.

ಕೀ ತಿರುಗಿಸಿ ಎಂಜಿನು ನಿಲ್ಲಿಸಿ, ನಾನು ಸ್ಟೇರಿಂಗಿನ ಅಡಿಗೆ ತಲೆ ತೂರಿಸಿ, ಮೊಬೈಲಿನ ಟಾರ್ಚು ಹಾಕಿ ನೋಡಿದೆ. ಮ್ಯಾಟಿನ ಮೇಲೆ ರಂಗೋಲಿ ಪುಡಿಯ ನಡುವೆ ಕಪ್ಪು ಬೆಲ್ಲದಂಥ ನಾಲ್ಕಾರು ಚೂರುಗಳು ಬಿದ್ದಿದ್ದವು. ಹೊರಗೆ ತಂದು ತೋರಿಸಿದೆ. ದೊಡ್ಡಮ್ಮ ಬೆರಳಲ್ಲಿ ಹಿಸುಕಿದರು, ಮೂಗಿಗೆ ಹಿಡಿದರು, ಮುಖ ಸಣ್ಣದು ಮಾಡಿದರು.

"ಇದು ರಬ್ಬರು. ಎಣ್ಣೆ ತಾಗಿ ಸತ್ತದ್ದು. ಕ್ಯಾಂಟೀನಿನಲ್ಲಿ ಕುಕ್ಕರಿನ ರಬ್ಬರಿಗೆ ಎಣ್ಣೆ ತಾಗಿದ್ರೆ ಹೀಗೇ ಆಗುದು. ಹುಡುಗರಿಗೆ ನಾನೇ ಬೈತಿದ್ದೆ."

"ಇಲ್ಲಿಗೆ ಎಣ್ಣೆ ಎಲ್ಲಿಂದ ಬಂತು ದೊಡ್ಡಮ್ಮ?"

ಅವರು ಬಕೆಟ್ಟಿನ ನೀರನ್ನು ನೋಡುತ್ತಾ ಹೇಳಿದರು: "ಪೆಡಲು ಕುಂಯ್ ಅಂತಿತ್ತು. ಶುಕ್ರವಾರ ಶುಕ್ರವಾರ ದೇವರಿಗೆ ದೀಪ ಇಟ್ಟ ಮೇಲೆ ಇದಕ್ಕೂ ಎರಡು ಚಮಚ ಬಿಡ್ತಿದ್ದೆ."

"ಅಷ್ಟು ಒಳಗೆ ಕೈ ಹೇಗೆ ಹೋಯಿತು?"

"ಒಗ್ಗರಣೆ ಸೌಟು ಉಂಟಲ್ಲ."

ವಿಷಯ ಇಷ್ಟು. ಪೆಡಲಿನ ಕೋಲಿನಲ್ಲಿ ಒಂದು ಸಣ್ಣ ತೂತು. ಅದಕ್ಕೆ ಒಂದು ರಬ್ಬರಿನ ಗುಂಡಿ. ಕಾಲು ತೆಗೆದಾಗ ಪೆಡಲು ಮೇಲೆ ಬಂದು ಆ ಗುಂಡಿ ಸ್ವಿಚ್ಚಿನ ಮೂತಿಯನ್ನು ಒತ್ತಬೇಕು, ಆಗ ದೀಪ ಆರುತ್ತದೆ. ದೊಡ್ಡಮ್ಮನ ಭಕ್ತಿಯಲ್ಲಿ ಗುಂಡಿ ಕರಗುತ್ತಾ ಬಂದಿತ್ತು. ಕಾರು ನಿಂತಿದ್ದಾಗ ಹೇಗೋ ತಾಗುತ್ತಿತ್ತು, ಹೊಂಡದಲ್ಲಿ ಕುಲುಕಿದರೆ ಮೂತಿ ತೂತಿನೊಳಗೆ ಜಾರಿ ದೀಪ ಹೊತ್ತಿಕೊಳ್ಳುತ್ತಿತ್ತು. ಅಂದು ಗುಂಡಿ ಪೂರ್ತಿ ಪುಡಿಯಾಗಿತ್ತು. ಸ್ವಿಚ್ಚು ಹೊಸದು ಹಾಕಿದವನು ತೂತನ್ನು ನೋಡಲಿಲ್ಲ, ನಾವೆಲ್ಲಾ ಕಾಲನ್ನೇ ನೋಡುತ್ತಿದ್ದೆವು.

ಭಾನುವಾರ ಬಿಡಿಭಾಗದ ಅಂಗಡಿ ತೆರೆದಿರಲಿಲ್ಲ. ದೊಡ್ಡಮ್ಮ ಮೇಲೆ ಹೋಗಿ ಹಳೆಯ ಮಿಕ್ಸಿಯ ಅಡಿಯಿಂದ ಒಂದು ರಬ್ಬರ್ ಕಾಲು ಕಿತ್ತು ತಂದರು. ಚಾಕುವಿನಿಂದ ಕೆತ್ತಿ ಕೆತ್ತಿ ಕೊಟ್ಟರು, ನಾನು ಮಲಗಿಕೊಂಡು ತುರುಕಿದೆ. ಬಿಗಿಯಾಗಿ ಕೂತಿತು. ಮಿಕ್ಸಿ ಅಂದಿನಿಂದ ಚಟ್ನಿ ಅರೆಯುವಾಗ ಕಟ್ಟೆಯ ಮೇಲೆ ತಿರುಗಾಡುತ್ತದಂತೆ, ಅದು ಬೇರೆ ಮಾತು.

ಅಷ್ಟರಲ್ಲಿ ಮಗ ತನ್ನ ಕಾರಿನಲ್ಲಿ ಬಂದಿಳಿದ. ನಾನು ರಬ್ಬರಿನ ಚೂರು ಹಿಡಿದು ಕುಣಿಯುತ್ತಾ ಎಲ್ಲವನ್ನೂ ಹೇಳಿದೆ. ಅವನು ಚೂರನ್ನು ನೋಡಿದ, ಮೂಸಿದ, "ತೆಂಗಿನೆಣ್ಣೆ?" ಎಂದು ತಾಯಿಯ ಮುಖ ನೋಡಿದ. ಅವನಿಗೆ ನಗು ಬಂತು. ದೊಡ್ಡಮ್ಮನೂ ನಗುತ್ತಾರೆ, ಇಷ್ಟು ದಿನದ್ದನ್ನೆಲ್ಲಾ ಸೇರಿಸಿ ನಮ್ಮಿಬ್ಬರನ್ನೂ ಬೈಯುತ್ತಾರೆ ಎಂದುಕೊಂಡೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಹೋಗಿ ಕಾರಿನಲ್ಲಿ ಕುಳಿತು ಕೀ ತಿರುಗಿಸಿ, "ನೀನು ಹಿಂದೆ ನಿಲ್ಲು. ದೀಪ ನೋಡಿ ಹೇಳು" ಎಂದು ಮಗನಿಗೆ ಹೇಳಿದರು.

ಅವನು ಹಿಂದೆ ನಿಂತ. "ಬಂತು... ಹೋಯ್ತು. ಬಂತು... ಹೋಯ್ತು. ಠೀಕ್ ಹೈ ಅಮ್ಮಾ!"

"ಇನ್ನೊಮ್ಮೆ."

"ಬಂತು. ಹೋಯ್ತು."

"ಇನ್ನೊಮ್ಮೆ ಹೇಳು."

ಅದು ನಿಲ್ಲಲಿಲ್ಲ. ಅವನು ಹೇಳುತ್ತಲೇ ಇದ್ದ, ಅವರು ಒತ್ತಿ ಬಿಡುತ್ತಲೇ ಇದ್ದರು. ನಾನು ಕಿಟಕಿಯ ಹತ್ತಿರ ಹೋಗಿ, "ಸಾಕು ದೊಡ್ಡಮ್ಮ, ಕಾರಿನದ್ದೇ ತಪ್ಪು ಎಂದು ಗೊತ್ತಾಯಿತಲ್ಲ" ಎಂದೆ.

"ಕಾರಿದ್ದು ತಪ್ಪು ಅಂತ ಗೊತ್ತಾಯ್ತು. ನನ್ನ ಕಾಲು ಸರಿ ಉಂಟು ಅಂತ ಸಹ ಗೊತ್ತಾಗ್ಬೇಕಲ್ಲ ಮಾರಾಯ?"

ಆಗ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದರು. ಒತ್ತುವ ಮೊದಲು ಬಾಯಲ್ಲೇ "ಬಂತು" ಎನ್ನುವುದು, ಬಿಡುವಾಗ "ಹೋಯ್ತು" ಎನ್ನುವುದು, ಮಗನ ಮಾತು ಅದಕ್ಕೆ ಹೊಂದಿಕೆಯಾಗುತ್ತದೋ ಎಂದು ಕಿವಿಗೊಡುವುದು. ಕೆನ್ನೆ ಒದ್ದೆಯಾಗಿತ್ತು.

"ಮೊನ್ನೆ ಯಾರಿಗೂ ಹೇಳದೆ ಡಾಕ್ಟರ ಹತ್ರ ಹೋಗಿದ್ದೆ. ಕಾಲು ಮುಟ್ಟಿ ನೋಡಿ, ಏನೂ ಆಗ್ಲಿಲ್ಲ ಅಂತಲೇ ಹೇಳಿದ್ರು. ಮನೆಯಲ್ಲಿ ಬಿಸಿನೀರಲ್ಲಿ ಇಟ್ಟು ನೋಡಿದೆ, ತಣ್ಣೀರಲ್ಲಿ ಇಟ್ಟು ನೋಡಿದೆ. ಎಲ್ಲಾ ಗೊತ್ತಾಗ್ತದೆ. ಆದ್ರೆ ನೀವೆಲ್ಲಾ ಸೇರಿ ಒಂದೇ ಹೇಳುವಾಗ ಡಾಕ್ಟರು ಹೇಳಿದ್ದು ಸಹ ಸುಳ್ಳು ಅನಿಸ್ತದೆ. ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಹೋಗಿತ್ತು. ಇವತ್ತು ಅವನು ಬಂದ ಕೂಡ್ಲೇ ಕೀ ಕೊಡ್ಬೇಕು ಅಂತ ಇದ್ದೆ. ಇನ್ನು ರಿಕ್ಷಾದಲ್ಲೇ ಹೋಗಿ ಅಂತ ಭಜನೆಯವರಿಗೆ ಸಹ ಹೇಳಿ ಆಗಿದೆ."

ಸೆರಗಿನಿಂದ ಮುಖ ಒರೆಸಿಕೊಂಡರು. ಸಿಗ್ನಲಿನಲ್ಲಿ ಕಾಲೆತ್ತಿ ಕೂತ ಹೆಂಗಸು, ಪೊಲೀಸರ ಬಾಯಿಗೆ ಪಂಚಕಜ್ಜಾಯ ಹಾಕುವ ಹೆಂಗಸು, ಇಷ್ಟು ದಿನ ಒಬ್ಬರೇ ಕೂತು ನೀರಿನಲ್ಲಿ ಕಾಲಿಟ್ಟು ನೋಡುತ್ತಿದ್ದರು.

ಹಿಂದಿನಿಂದ "ಬಂತು, ಹೋಯ್ತು" ನಿಂತಿತ್ತು. ಮಗ ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಈ ಕಡೆ ಬಂದವನು ಕೀ ಕೇಳಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಕಾರಿನ ಮುಂದಿನಿಂದ ಸುತ್ತಿ ಹೋಗಿ, ಬಾಗಿಲು ತೆಗೆದು ತಾಯಿಯ ಪಕ್ಕದ ಸೀಟಿನಲ್ಲಿ ಕುಳಿತು ಬೆಲ್ಟು ಎಳೆದುಕೊಂಡ.

"ಅಮ್ಮಾ, ನನ್ನನ್ನು ಮನೆಗೆ ಬಿಡ್ತೀಯಾ?"

"ಎಂತದು? ಅಲ್ಲಿ ನಿನ್ನ ಕಾರು ನಿಂತುಂಟಲ್ಲ!"

"ಇರ್ಲಿ. ಕಲ್ ಲೋಕಲ್ ಟ್ರೇನ್‌ನಲ್ಲಿ ಬಂದು ತಗೊಂಡು ಹೋಗ್ತೇನೆ" ಎಂದ. ದೊಡ್ಡಮ್ಮ ಅವನನ್ನೊಮ್ಮೆ ನೋಡಿದರು, ಕ್ಲಚ್ಚನ್ನು ಒಂದೇ ಏಟಿಗೆ ಬಿಟ್ಟರು, ತಾಯಿ ಮಗ ಕಾಂದಿವಲಿಯ ದಾರಿ ಹಿಡಿದರು.